ಮಂದಗತಿಯ ಮೂಲ

ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊಂಡ ಡೆಸ್ಕ್‌ಟಾಪ್ ಗಣಕವು ಗುಂಡಿಯೊತ್ತಿದ ಮೇಲೆ ಸಿದ್ಧಗೊಳ್ಳಲು ನಿಮಿಷಗಟ್ಟಲೆ ಹೊತ್ತು ಹಿಡಿಯುವುದನ್ನು ಕಂಡು, ಯಂತ್ರಕ್ಕೆ ಮುಪ್ಪಡಸಿತೆಂದು ನಿರ್ಣಯಿಸಿ, ಅದನ್ನು ಅಟ್ಟಕ್ಕೇರಿಸಿ ಹೊಸದನ್ನು ತರುವ ಮನೆಗಳು ನಮ್ಮ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕಗಳ ಕಡೆ ಹಲವಿವೆ. ಆ ನಿರ್ಣಯವು ಬಹುಮಟ್ಟಿಗೆ ನಿರಾಧಾರವಾದುದೆಂದೂ, ಮಂದಗತಿಯ ಮೂಲವು ಯಂತ್ರದ ಸಮಸ್ತ ಅಂಗಗಳಲ್ಲಿ ವ್ಯಾಪಿಸಿರದೆ ಸಾಮಾನ್ಯವಾಗಿ ಒಂದೇ ಅಂಗದಲ್ಲಿ ನೆಲೆಸಿರುವುದೆಂದೂ, ಆ ಅಂಗವನ್ನು ಬದಲಾಯಿಸುವ ಕಾರ್ಯವು ಗೃಹಸ್ಥರ ಕೈಗೆ ನಿಲುಕತಕ್ಕದ್ದೆಂದೂ ಈ ವಾರ ನಿರೂಪಿಸಬೇಕೆಂದಿದ್ದೇನೆ.

ಆ ಅಂಗವೇ ಹಾರ್ಡ್ ಡಿಸ್ಕ್. 1956ರಲ್ಲಿ ಐಬಿಎಂ ಸಂಸ್ಥೆಯು ರಾಮ್ಯಾಕ್ ಯಂತ್ರದೊಡನೆ ಹೊರತಂದ ಮೊತ್ತಮೊದಲ ಡಿಸ್ಕಿನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಅವೆಲ್ಲವೂ ಕೂಡಿ 50 ಲಕ್ಷ ಅಕ್ಷರಗಳನ್ನು ಧರಿಸುತ್ತಿದ್ದುವು. ಬಳಿಕ ತಟ್ಟೆಗಳು ಕಿರಿದಾಗಿ ಧಾರಣಶಕ್ತಿ ಲಕ್ಷಾಂತರ ಪಾಲು ಹಿಗ್ಗಿತಾದರೂ, ತಿರುಗುವ ತಟ್ಟೆಯ ಮೇಲೆ ಗ್ರಾಮಾಫೋನಿನ ಮುಳ್ಳಿನಂತೆ ತೋಳೊಂದು ಸರಿದು ಬೇಕಾದ ತಾಣವನ್ನು ಅರಸುವ ಮೂಲತತ್ತ್ವವು ಹಾಗೆಯೇ ಉಳಿಯಿತು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯಲ್ಲಿ, ಬೇಕಾದ ಅಂಶವು ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತಿನ ಕಾಲ, ಎಂದರೆ 4 ಮಿಲಿಸೆಕೆಂಡಿಗಿಂತ ತುಸು ಅಧಿಕ, ಬೇಕು. ತೋಳು ಆ ಪಥಕ್ಕೆ ಸರಿಯಲು ಇನ್ನೂ 8-9 ಮಿಲಿಸೆಕೆಂಡು ಬೇಕು. ಹೀಗೆ ಲೆಕ್ಕ ಹಾಕಿದರೆ, ಅಲ್ಲಲ್ಲಿ ಚದರಿರುವ ಅಂಶಗಳಲ್ಲಿ ಡಿಸ್ಕು ಸೆಕೆಂಡಿಗೆ ಸುಮಾರು ಎಂಬತ್ತನ್ನು ಮಾತ್ರ ಓದಿಕೊಡಬಲ್ಲುದು. ಗಣಕವು ಎಚ್ಚರಗೊಳ್ಳುವಾಗ ಕೇಳುವುದಾದರೋ ಸಾವಿರಾರು ಸಣ್ಣ ಕಡತಗಳನ್ನು. ಸೆಕೆಂಡಿಗೆ ಕೋಟ್ಯಂತರ ಗಣನೆಗಳನ್ನು ಮಾಡಬಲ್ಲ ಪ್ರೊಸೆಸರು, ಕೊಂಡ ದಿನದಷ್ಟೇ ಸಮರ್ಥವಾಗಿದ್ದರೂ, ಆ ತೋಳಿನ ಸಂಚಾರವನ್ನು ಕಾದು ನಿಷ್ಕ್ರಿಯವಾಗಿ ಕುಳಿತಿರುತ್ತದೆ.

ತೋಶಿಬಾ ಸಂಸ್ಥೆಯ ಫುಜಿಯೊ ಮಸುವೊಕಾ ಎಂಬ ಜಪಾನೀ ವಿಜ್ಞಾನಿಯು 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿಯು ಈ ನಿರೀಕ್ಷೆಗೆ ಪರಿಹಾರವಾಯಿತು. ಅದನ್ನು ಆಧರಿಸಿದ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಸೂಕ್ಷ್ಮ ಕೋಶಗಳಲ್ಲಿ ಬಂಧಿತವಾದ ವಿದ್ಯುದಾವೇಶವೇ ಅಲ್ಲಿ ಲಿಪಿ. ಯಾವ ಕೋಶವನ್ನು ಕೇಳಿದರೂ ಉತ್ತರವು ಸುಮಾರು 0.1 ಮಿಲಿಸೆಕೆಂಡಿನಲ್ಲಿ ದೊರೆಯುವುದರಿಂದ, ಅರಸುವ ಕಾಲವು ನೂರು ಪಾಲಿಗಿಂತಲೂ ಹೆಚ್ಚು ತಗ್ಗುತ್ತದೆ. ಆದುದರಿಂದ ಅಂಗಡಿಯ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿತವಾದ, ಸೆಕೆಂಡಿಗೆ 550 ಮೆಗಾಬೈಟ್ ಎಂಬ ಅಂಕಿಗೆ ಕೊಳ್ಳುವವರು ಮನಸೋಲತಕ್ಕದ್ದಿಲ್ಲ. ಅದು ದೊಡ್ಡ ಕಡತವೊಂದನ್ನು ಸಲೀಸಾಗಿ ಓದುವಾಗಿನ ವೇಗ. ಹಳೆಯ ಮದರ್‌ಬೋರ್ಡಿನ ಸಾಟಾ ಮಾರ್ಗವು, ಎಂದರೆ ಡಿಸ್ಕನ್ನು ಬೋರ್ಡಿಗೆ ಕೂಡಿಸುವ ಸಂಪರ್ಕವು, ಕೆಲವೊಮ್ಮೆ ಅದರ ಅರ್ಧವನ್ನು ಮಾತ್ರ ಸಾಗಿಸಬಲ್ಲುದಾದರೂ, ಅರಸುವಿಕೆಯ ಲಾಭವು ಕುಂದದೆ ದಕ್ಕುತ್ತದೆ. ಎರಡೂವರೆ ಅಂಗುಲದ ಸಾಟಾ ಎಸ್‌ಎಸ್‌ಡಿಯೇ ಇಂತಹ ಯಂತ್ರಕ್ಕೆ ಉಚಿತವಾದುದು. ಬರೆದು ಬರೆದು ಕೋಶಗಳು ಸವೆಯುವುವೆಂಬ ಭಯವುಳ್ಳವರು ತಯಾರಕರು ನಮೂದಿಸುವ ಬರಹದ ಮಿತಿಯನ್ನು ನೋಡಲಿ: 300 ಟೆರಾಬೈಟ್ ಮಿತಿಯ ಎಸ್‌ಎಸ್‌ಡಿಯ ಮೇಲೆ ದಿನಕ್ಕೆ 20 ಗಿಗಾಬೈಟ್ ಬರೆದರೂ ಆ ಮಿತಿಯನ್ನು ಮುಟ್ಟಲು ನಲವತ್ತು ವರ್ಷ ಸಾಲದು.

ಇನ್ನು ಅಳವಡಿಕೆಯ ಕ್ರಮ. ಮೊದಲು ಅಮೂಲ್ಯ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸತಕ್ಕದ್ದು, ಇದಕ್ಕೆ ವಿನಾಯಿತಿಯಿಲ್ಲ. ಬಳಿಕ ತಂತಿಯನ್ನು ಪ್ಲಗ್ಗಿನಿಂದ ಕಳಚಿ, ಒಳಗೆ ಉಳಿದ ವಿದ್ಯುತ್ತು ಬಸಿದುಹೋಗುವಂತೆ ಚಾಲನೆಯ ಗುಂಡಿಯನ್ನು ಒಮ್ಮೆ ಅದುಮಿ, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಾಯೀವಿದ್ಯುತ್ತನ್ನು ಕಳೆದುಕೊಂಡು, ಪಕ್ಕದ ಹಾಳೆಯನ್ನು ಬಿಚ್ಚಬೇಕು. ತುಲಾಮಾಸದ ಸಿಡಿಲಿನ ಸಂಜೆಗಳು ಈ ಕೆಲಸಕ್ಕೆ ಯೋಗ್ಯವಲ್ಲ. ಮುರಕಲ್ಲಿನ ಕೆಂಧೂಳಿಯೂ ಕಡಲಗಾಳಿಯ ಉಪ್ಪೂ ನಮ್ಮ ಕರಾವಳಿಯ ಯಂತ್ರಗಳೊಳಗೆ ಸೇರಿ ಫ್ಯಾನುಗಳನ್ನು ಕಟ್ಟಿಹಾಕುವುದರಿಂದ, ತೆರೆದ ಸಂದರ್ಭದಲ್ಲಿಯೇ ಮೃದುವಾದ ಕುಂಚದಿಂದ ಒಳಭಾಗವನ್ನು ಶುಚಿಗೊಳಿಸುವುದು ವಿಹಿತ. ಡೇಟಾ ಕೇಬಲ್ಲು ಕಿರಿದು, ವಿದ್ಯುತ್ತಿನ ಕೇಬಲ್ಲು ಅಗಲ. ಎರಡರ ಬಾಯಿಯೂ ಒಂದೇ ದಿಕ್ಕಿನಲ್ಲಿ ಕೂಡುವಂತೆ ರಚಿತವಾಗಿರುವುದರಿಂದ ಬಲಪ್ರಯೋಗ ಕೂಡದು. ಚಲಿಸುವ ಅಂಗಗಳಿಲ್ಲದ ಎಸ್‌ಎಸ್‌ಡಿಯನ್ನು ನಿಲ್ಲಿಸಿಯಾಗಲಿ ಮಲಗಿಸಿಯಾಗಲಿ, ಒಂದೆರಡು ತಿರುಪುಗಳಿಂದ ಬಿಗಿದರಾಯಿತು. ಆಮೇಲೆ ಗಣಕದ ಮೂಲ ಸಂಯೋಜನೆಗಳ ತೆರೆಯಾದ ಬಯಾಸ್‌ನಲ್ಲಿ ಸಾಟಾ ವಿಧಾನವು ಎಎಚ್‌ಸಿಐ ಆಗಿರುವುದನ್ನು ನೋಡಿಕೊಂಡು, ಅಳಿಸುವ ಆಜ್ಞೆಯು ಪ್ರಮಾದವಶಾತ್ ಹಳೆಯ ಡಿಸ್ಕಿನ ಮೇಲೆ ಬೀಳದಂತೆ ಅದರ ಕೇಬಲ್ಲನ್ನು ಕಳಚಿಟ್ಟು, ಪೆನ್ ಡ್ರೈವಿನಿಂದ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಬೇಕು.

ಯಾವ ವ್ಯವಸ್ಥೆಯನ್ನು ಸ್ಥಾಪಿಸಬೇಕು? ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ಅದರ ಮುಂದಿನ ಆವೃತ್ತಿಯು ಇಷ್ಟು ಹಳೆಯ ಪ್ರೊಸೆಸರುಗಳನ್ನು ಅಂಗೀಕರಿಸುವುದಿಲ್ಲ. ಇಲ್ಲಿಯೇ ಕಾಸರಗೋಡಿನವರ ಭಾಗ್ಯವು ವಿಶೇಷವಾದುದು. ಈ ಶತಮಾನದ ಆರಂಭದಲ್ಲಿ ಕೇರಳ ಸರಕಾರವು ತೊಡಗಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು ಕ್ರಮೇಣ ಸ್ವತಂತ್ರ ತಂತ್ರಾಂಶವನ್ನೇ ಆಶ್ರಯಿಸಿ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಬೆಳೆದು, ಉಬುಂಟುವನ್ನು ಆಧರಿಸಿದ ತನ್ನದೇ ಗ್ನು/ಲಿನಕ್ಸ್ ಆವೃತ್ತಿಯನ್ನು ಶಾಲೆಗಳಿಗೆ ಒದಗಿಸುತ್ತ ಬಂದಿದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಪ್ರೌಢಶಾಲೆಯಲ್ಲಿ ಗಣಕವನ್ನು ಕಲಿಯುವುದು ಈ ವ್ಯವಸ್ಥೆಯ ಮೇಲೆಯೇ. 2018ರಿಂದ ಶಾಲೆಗಳಲ್ಲಿ ನಡೆಯುತ್ತಿರುವ, ಕೈಟ್ ಸಂಸ್ಥೆಯ ವಿದ್ಯಾರ್ಥಿ ಸಂಘಗಳಾದ ಲಿಟ್ಲ್ ಕೈಟ್ಸ್ ಘಟಕಗಳ ಮಕ್ಕಳಿಗಂತೂ ಅದರ ಪರಿಚಯ ಇನ್ನೂ ನಿಕಟವಾದುದು. ಬೇರೆ ಊರುಗಳಲ್ಲಿ ಅಪರಿಚಿತವೆನಿಸಿ ಜನರು ಹಿಂಜರಿಯುವ ವಿದ್ಯೆಯು ನಮ್ಮಲ್ಲಿ ಪಠ್ಯವಾಗಿ ಮನೆಯೊಳಗೆ ಬಂದಿದೆ. ಕನ್ನಡ ಬರೆಯುವವರಿಗೆ ಕೆ. ಪಿ. ರಾವ್ ಅವರ ಕೀಲಿಮಣೆಯನ್ನು ಅನುಸರಿಸಿದ ಕಗಪ ವಿನ್ಯಾಸವೂ ಈ ಗ್ನು/ಲಿನಕ್ಸ್‌ನಲ್ಲಿ ಲಭ್ಯ. ಎಸ್‌ಎಸ್‌ಡಿಯು ವೇಗವನ್ನು ಕೊಟ್ಟರೆ, ಈ ವ್ಯವಸ್ಥೆಯು ಸುರಕ್ಷಿತವಾದ ಆಯುಸ್ಸನ್ನು ಕೊಡುತ್ತದೆ. ಒಂದಿಲ್ಲದೆ ಇನ್ನೊಂದರ ಫಲವು ಅಪೂರ್ಣ.

ಕಳಚಿದ ಹಾರ್ಡ್ ಡಿಸ್ಕನ್ನು ಎಸೆಯಲಾಗದು. ಆರೋಗ್ಯವಾಗಿದ್ದರೆ ಅದನ್ನು ಮರಳಿ ಜೋಡಿಸಬೇಕು. ಯಕ್ಷಗಾನದ ಇಡೀ ರಾತ್ರಿಯ ಧ್ವನಿಮುದ್ರಿಕೆ, ಸ್ಕ್ಯಾನ್ ಮಾಡಿದ ಪ್ರಸಂಗಗಳು, ಮದುವೆಯ ವಿಡಿಯೊ ಇವೆಲ್ಲ ಮೊದಲಿನಿಂದ ಕೊನೆಗೆ ಒಂದೇ ಓಟದಲ್ಲಿ ಓದಲ್ಪಡುವ ಬೃಹತ್ ಕಡತಗಳಾದ ಕಾರಣ, ಅರಸುವ ಶ್ರಮವಿಲ್ಲದ ಆ ಕಾರ್ಯಕ್ಕೆ ತಟ್ಟೆಯು ಇಂದಿಗೂ ಸಮರ್ಥವಾಗಿದೆ. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಇರಿಸಿದ ಎಸ್‌ಎಸ್‌ಡಿಯ ಕೋಶಗಳಿಂದ ಆವೇಶವು ಮೆಲ್ಲಮೆಲ್ಲನೆ ಸೋರಿಹೋಗುವ ಸಂಭವವಿರುವುದರಿಂದ, ಕಪಾಟಿನಲ್ಲಿಡುವ ಪ್ರತಿಗೆ ಡಿಸ್ಕೇ ಹೆಚ್ಚು ನಂಬತಕ್ಕದ್ದು.

ತಿರುಪು ಬಿಚ್ಚುವ ಈ ಕೆಲಸವನ್ನು ಶಾಲೆಗೆ ಹೋಗುವ ಮಗುವಿನ ಕೈಯಲ್ಲೇ ಮಾಡಿಸಿ ಹಿರಿಯರು ಬಳಿಯಲ್ಲಿದ್ದು ನೆರವಾಗಬೇಕೆಂಬುದು ನನ್ನ ಸಲಹೆ. ವೇಗದ ಲಾಭವು ಅಂದೇ ಕಾಣುವುದು. ಆದರೆ ಯಂತ್ರವು ನಿಧಾನಿಸಿದಾಗ ಅದನ್ನು ಬದಲಾಯಿಸುವ ಮುನ್ನ, ತಡೆಯು ಎಲ್ಲಿದೆಯೆಂದು ಲೆಕ್ಕವಿಟ್ಟು ಹುಡುಕುವ ಅಭ್ಯಾಸವು ಆ ಮಗುವಿಗೆ ಮುಂದೆ ಒದಗುವ ಎಲ್ಲ ಯಂತ್ರಗಳಿಗೂ ಸಲ್ಲುತ್ತದೆ.