ದೊಡ್ಡಮ್ಮನ ಸದ್ದು, ರಾಕಿಯ ಕಿವಿ

2022ರ ‘ಕೆಜಿಎಫ್ ಚಾಪ್ಟರ್ 2’ ನೋಡಿದವರು ಆ ದೃಶ್ಯ ಮರೆತಿರಲ್ಲ. ರಾಕಿ ‘ದೊಡ್ಡಮ್ಮ’ ಅನ್ನೋ ಮಷಿನ್ ಗನ್ನಿನಿಂದ ಪೊಲೀಸ್ ಠಾಣೆಯನ್ನ ಪುಡಿ ಮಾಡಿ, ಕಾದ ನಳಿಗೆಯಲ್ಲೇ ಸಿಗರೇಟು ಹಚ್ಚಿಕೊಳ್ತಾನೆ. ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ. ಗುಂಡು ಹಾರಿಸಿದರೆ ನಳಿಗೆ ಕಾಯುತ್ತೆ ಅನ್ನೋದು ನಿರ್ದೇಶಕ ಪ್ರಶಾಂತ್ ನೀಲ್ ಅವರಿಗೆ ಚೆನ್ನಾಗಿ ನೆನಪಿದೆ. ಹಾರಿಸೋನಿಗೆ ಎರಡು ಕಿವಿ ಇವೆ ಅನ್ನೋದು ಮಾತ್ರ ಆ ದೃಶ್ಯದ ಲೆಕ್ಕಕ್ಕೇ ಬಂದಿಲ್ಲ.

ನಿಜವಾದ ಲೆಕ್ಕ ಹೀಗಿದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತೆ. 100ಕ್ಕೆ ಬಂದಾಗ ಉಳಿಯೋದು 15 ನಿಮಿಷ. ಬಂದೂಕಿನ ಸದ್ದು ಸಾಮಾನ್ಯವಾಗಿ 140 ದಾಟುತ್ತೆ. ಅಲ್ಲಿ ಒಂದೇ ಗುಂಡು ಸಾಕು. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟಲ್ಲ. ಸಿನಿಮಾದ ‘ಗುಂಯ್’ ಎಫೆಕ್ಟು ಮುಂದಿನ ಶಾಟಿಗೆ ಮಾಯ. ನಮ್ಮ ಕಿವಿಯ ಗುಂಯ್ ಜೀವನಪೂರ್ತಿ ಉಳೀಬಹುದು.

ರಾಕಿಗೆ ಇಯರ್‌ಮಫ್ ಹಾಕಿಸಿ ಅಂತ ನಾನು ಹೇಳ್ತಿಲ್ಲ. ತಕರಾರು ಬೇರೆ. ನಮ್ಮೂರ ಜಾತ್ರೇಲಿ ಗರ್ನಾಲು ಸಿಡಿದಾಗ ಕಿವಿ ಮುಚ್ಚಿಕೊಂಡವನನ್ನ ಪುಕ್ಕಲ ಅಂತ ನಗ್ತಿದ್ರು. ಇಂಥ ದೃಶ್ಯಗಳು ಆ ನಗುವಿಗೇ ಸ್ಟೈಲು ಕೊಡ್ತವೆ. ಡಿಜೆ ಮುಂದೆ ಕುಣಿಯುವಾಗ, ಟೀಮ್ ಔಟಿಂಗಿನಲ್ಲಿ ಶೂಟಿಂಗ್ ರೇಂಜಿಗೆ ಹೋದಾಗ ಇಯರ್‌ಪ್ಲಗ್ ತೆಗೆಯೋಕೆ ನಮಗೆ ನಾಚಿಕೆ.

ಕಿವಿ ಮುಚ್ಚಿದರೆ ಗತ್ತು ಹೋಗುತ್ತಾ? 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಜೇಬಿಗೆ ಕೈ ಹಾಕಿ ನಿಂತು ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ಡಿಕೆಚ್ ಫೋಟೊ ನೀವೂ ಫಾರ್ವರ್ಡ್ ಮಾಡಿರ್ತೀರಿ. ಅವರು ಹಿಡಿದಿದ್ದು ಬರೀ ಏರ್ ಪಿಸ್ತೂಲು. ಇನ್ನೊಮ್ಮೆ ಜೂಮ್ ಮಾಡಿ ನೋಡಿ: ಕಿವಿಯಲ್ಲಿ ಪ್ಲಗ್ ಇದೆ.