ಸಂಕಪ್ಪಯ್ಯನ ತಪ್ಪು: ಮಕ್ಕಳ ಪ್ರಬಂಧಗಳನ್ನು ಓದಿ

ಮಕರಪುರ ಹಾಗೂ ಸುತ್ತಮುತ್ತಲ ಕನ್ನಡ ಮನೆಗಳ ಮಕ್ಕಳು ಬರೆದ 11 ಪ್ರಬಂಧಗಳು ಪರಿಶೀಲನೆಗೆಂದು ನಮ್ಮ ಕೈಗೆ ಬಂದುವು. ಓದಬೇಕಾಗಿದ್ದ ಕಾದಂಬರಿ ಶಿವರಾಮ ಕಾರಂತರ 'ಚೋಮನ ದುಡಿ'. ಪ್ರಶ್ನೆ ಹೀಗಿತ್ತು: ಚೋಮನಿಗೆ ಬೇಸಾಯಕ್ಕೆ ಭೂಮಿ ಸಿಗದೆ ಹೋದುದಕ್ಕೆ ಧಣಿ ಸಂಕಪ್ಪಯ್ಯನನ್ನು ತಪ್ಪಿತಸ್ಥನೆನ್ನಬಹುದೇ? ಓದಿದವರು ಒಪ್ಪುವಂತೆ ಬರೆಯಿರಿ. ಅಂಕ ಕೊಟ್ಟ ಬಗೆ ಹೇಗೆಂದು ಕೆಲವು ತಂದೆತಾಯಿಗಳು ಕೇಳಿದ್ದಾರೆ. ಕೇಳಿದ್ದು ನ್ಯಾಯವೇ, ಅದಕ್ಕಾಗಿ ಈ ನಾಲ್ಕು ಮಾತು.

ಮೊದಲಿಗೆ ಒಂದು ಸಣ್ಣ ವಿಷಯ. ಶಾಲೆಯಲ್ಲಿ ಗುಜರಾತಿಯನ್ನೋ ಇಂಗ್ಲಿಷನ್ನೋ ಓದುವ ಮಕ್ಕಳಿಗೆ ಕನ್ನಡದ ಎ-ಏ, ಒ-ಓಗಳ ಭೇದ ಹಿಡಿತಕ್ಕೆ ಸಿಗುವುದು ಕಷ್ಟ. 'ಹೊಲ' ಬಹಳ ಕಡೆ 'ಹೋಲ'ವಾಗಿದೆ. ಇದಕ್ಕೆ ನಾವು ಅಂಕ ಕಳೆಯಲಿಲ್ಲ. ಒಬ್ಬ ಹುಡುಗ ಧಣಿಯನ್ನು ಉದ್ದಕ್ಕೂ 'ಶೇಠ್' ಎಂದೇ ಕರೆದಿದ್ದಾನೆ. ಕೆಂಪು ಗೆರೆ ಎಳೆದೆವು, ಮತ್ತೆ ಅಳಿಸಿದೆವು. ಅವನು ಕಂಡಿರುವ ಧಣಿ ಶೇಠನೇ ತಾನೆ!

ಸಿನಿಮಾವನ್ನಷ್ಟೇ ನೋಡಿ ಬರೆದವರನ್ನು ಗುರುತಿಸುವುದು ಕಷ್ಟವಾಗಲಿಲ್ಲ. 1975ರ ಆ ಚಿತ್ರ ದೊಡ್ಡದೇ. ಆದರೆ ವಾಸುದೇವರಾಯರ ಮುಖವನ್ನು ವರ್ಣಿಸಿದರೆ ಪ್ರಶ್ನೆಗೆ ಉತ್ತರವಾಗದು.

ಸಂಕಪ್ಪಯ್ಯ ಕ್ರೂರಿಯಲ್ಲ. ಚೋಮನ ಆಸೆ ಅವನಿಗೆ ಅರ್ಥವಾಗುತ್ತದೆ, ಕೊಡುವ ಮನಸ್ಸೂ ಇದೆ. ಹೊಲೆಯನಿಗೆ ಬೇಸಾಯಕ್ಕೆ ಭೂಮಿಯೇ ಎಂದು ತಾಯಿ ಅಡ್ಡ ಬಂದಾಗ ಸುಮ್ಮನಾಗುತ್ತಾನೆ. ಆ ಸುಮ್ಮನಾಗುವಿಕೆ ತಪ್ಪೋ ಅಲ್ಲವೋ ಎಂಬುದೇ ಚರ್ಚೆ. ಧಣಿಯನ್ನು ರಾಕ್ಷಸನನ್ನಾಗಿ ಮಾಡಿ ಬೈದ ಮೂವರು ಈ ಕಾರಣಕ್ಕೇ ಹಿಂದೆ ಬಿದ್ದರು. ಅವರ ತೀರ್ಮಾನಕ್ಕೆ ನಮ್ಮ ಆಕ್ಷೇಪವಿಲ್ಲ. ಎದುರಾಳಿಯ ಒಳ್ಳೆಯ ಗುಣವನ್ನು ಮುಚ್ಚಿಟ್ಟು ವಾದ ಗೆಲ್ಲಲು ಹೊರಟದ್ದಕ್ಕೆ ಆಕ್ಷೇಪ.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದವು ಬೇರೆ ಐದು ಪ್ರಬಂಧಗಳು. ಐದರಲ್ಲೂ ಒಂದೇ ವಾಕ್ಯ: 'ಆ ಕಾಲ ಹಾಗಿತ್ತು.' ಐದು ಮಕ್ಕಳಿಗೆ ಏಕಕಾಲಕ್ಕೆ ಹೊಳೆದ ಮಾತು ಇದಲ್ಲ, ಮನೆಯಲ್ಲಿ ಕೇಳಿದ್ದು. ನಾವೂ ಆಡಿದ್ದೇವೆ, ನಮ್ಮ ಅಜ್ಜಂದಿರ ಪರವಾಗಿ. ಕಾಲ ನಿಜಕ್ಕೂ ಹಾಗೆಯೇ ಇತ್ತೇ? ಕಾದಂಬರಿ ಬಂದದ್ದು 1933ರಲ್ಲಿ. ಬರೆದವರೂ ಆ ಕಾಲದವರೇ, ಮೇಲ್ಜಾತಿಯವರೇ. ಅದಕ್ಕೂ ಬಹಳ ಮೊದಲು, 1897ರಲ್ಲಿ, ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತರಿಗಾಗಿ ಸಂಸ್ಥೆ ಕಟ್ಟಿ ಶಾಲೆ ನಡೆಸಿದರು. ಸ್ವಜಾತಿಯವರ ಬಹಿಷ್ಕಾರವನ್ನೂ ಉಂಡರು. ಅದೇ ಜಿಲ್ಲೆ, ಅದೇ ಕಾಲ. ಇದನ್ನು ಮಕ್ಕಳಿಗೆ ನಾವು ಹೇಳಿರಲಿಲ್ಲ. ಹಾಗಾಗಿ ಆ ವಾಕ್ಯಕ್ಕೆ ಅರ್ಧ ಅಂಕವನ್ನಷ್ಟೇ ಕಡಿಮೆ ಮಾಡಿದೆವು. ಉಳಿದರ್ಧ ದೊಡ್ಡವರ ಲೆಕ್ಕಕ್ಕೆ.

ಮೊದಲ ಬಹುಮಾನದ ಪ್ರಬಂಧ ಒಬ್ಬ ಹತ್ತನೆಯ ತರಗತಿಯ ಹುಡುಗಿಯದು. ಅವಳು ವಾದವನ್ನು ವಡೋದರೆಯಿಂದಲೇ ಎತ್ತಿಕೊಂಡಿದ್ದಾಳೆ. ಮಹಾರಾಜ ಸಯಾಜಿರಾಯರು ಅಸ್ಪೃಶ್ಯ ಮಕ್ಕಳಿಗೆ ಶಾಲೆ ತೆರೆದವರು. 1913ರಲ್ಲಿ ಅಂಬೇಡ್ಕರರು ಅಮೆರಿಕಕ್ಕೆ ಓದಲು ಹೋದದ್ದು ಇದೇ ಸಂಸ್ಥಾನದ ವಿದ್ಯಾರ್ಥಿವೇತನದಿಂದ. ಆದರೆ 1917ರಲ್ಲಿ ಅವರು ಇಲ್ಲಿ ನೌಕರಿಗೆ ಬಂದಾಗ ಇರಲು ಮನೆ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಜಾತಿ ಮರೆಸಿ ಇದ್ದವರನ್ನು ದೊಣ್ಣೆ ಹಿಡಿದ ಗುಂಪು ಹೊರಡಿಸಿತು. ಉದ್ಯಾನದಲ್ಲಿ ಹೊತ್ತು ಕಳೆದು ಅವರು ಮುಂಬಯಿಯ ರೈಲು ಹತ್ತಿದರು. ದೊರೆಯ ಒಳ್ಳೆಯ ಮನಸ್ಸು ಒಂದು ಕೋಣೆಯನ್ನೂ ಕೊಡಿಸಲಾರದೆ ಹೋಯಿತು. ಅಲ್ಲಿಗೆ ಸಂಕಪ್ಪಯ್ಯನ ಒಳ್ಳೆಯ ಮನಸ್ಸಿನ ಬೆಲೆಯೆಷ್ಟು ಎಂಬುದು ಅವಳ ಪ್ರಶ್ನೆ.

ಇಲ್ಲಿ ಪರೀಕ್ಷಕರಲ್ಲೇ ಜಗಳವಾಯಿತು. ಕಾದಂಬರಿಯ ಹೊರಗಿನ ಸಂಗತಿ ಸಲ್ಲದೆಂದು ನಮ್ಮಲ್ಲೊಬ್ಬರ ಪಟ್ಟು. ಹೋಲಿಕೆಯೂ ಪೂರ್ತಿ ಕೂಡುವುದಿಲ್ಲ, ನಿಜ: ಮಹಾರಾಜರು ಕೈಲಾದಷ್ಟು ಮಾಡಿದ್ದರು, ಸಂಕಪ್ಪಯ್ಯ ಅಡಿಯನ್ನೇ ಇಡಲಿಲ್ಲ. ಹಾಗೆ ನೋಡಿದರೆ ಅವಳ ಉದಾಹರಣೆ ಅವಳ ವಾದಕ್ಕಿಂತ ಗಟ್ಟಿ. ಆದರೆ ಅವಳು ಅಷ್ಟಕ್ಕೇ ನಿಲ್ಲದೆ ಕಾದಂಬರಿಗೆ ಮರಳಿ, ನೀಲ ಹೊಳೆಯಲ್ಲಿ ಮುಳುಗುವಾಗ ಎತ್ತಲು ಹೊರಟವನನ್ನು ದಡದಲ್ಲಿದ್ದವರು ತಡೆದದ್ದನ್ನು ನೆನಪಿಸುತ್ತಾಳೆ. ಅವನಿಗೂ ಒಳ್ಳೆಯ ಮನಸ್ಸಿತ್ತು ಎಂದಷ್ಟೇ ಬರೆದು ಮುಂದಿನ ಸಾಲಿಗೆ ಹೋಗುತ್ತಾಳೆ. ಪಟ್ಟು ಹಿಡಿದವರು ಅಲ್ಲಿ ಮಣಿದರು.

ಪ್ರಶ್ನೆ ಬರೆದವರು ನಾವೇ ಆದ್ದರಿಂದ ಒಂದು ತಪ್ಪೊಪ್ಪಿಗೆ. ಬೆಳ್ಳಿಯ ಹೆಸರನ್ನು ಎತ್ತಿದ್ದು ಒಂದೇ ಒಂದು ಪ್ರಬಂಧ. ತೋಟದ ಸಾಲ ತೀರಿದ್ದು ಯಾರ ಬದುಕಿನಿಂದ ಎಂದು ಅದು ಕೇಳುತ್ತದೆ. ಭೂಮಿಯ ಮಾತನ್ನಷ್ಟೇ ಕೇಳಿದ ನಮ್ಮ ಪ್ರಶ್ನೆಯಲ್ಲಿ ಅವಳಿಗೆ ಜಾಗವಿರಲಿಲ್ಲ. ವಿಷಯಾಂತರವೆಂದು ಮೊದಲ ಸುತ್ತಿನಲ್ಲಿ ಅದಕ್ಕೆ ಕಡಿಮೆ ಅಂಕ ಬಿದ್ದಿತ್ತು. ಎರಡನೆಯ ಸುತ್ತಿನಲ್ಲಿ ತಿದ್ದಿ, ಎರಡನೆಯ ಬಹುಮಾನ ಕೊಟ್ಟಿದ್ದೇವೆ.