ಮೂರ್ತಿ ಎಂಬುದು ಮನೆತನವಲ್ಲ

ವಲಸೆ ಹೋದ ಭಾರತೀಯರ ಅಡ್ಡಹೆಸರುಗಳ ಮೇಲಿನ ಬರಹಗಳು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತವೆ. ಈ ಹೆಸರಿನ ಮೂಲ ಯಾವುದು? ಯಾವ ದೇಶದಲ್ಲಿ ಈ ಹೆಸರಿನವರು ಎಷ್ಟು ಜನ? 'ಮೂರ್ತಿ'ಯ ಮಟ್ಟಿಗೆ ಮೊದಲನೆಯದಕ್ಕೆ ನಿಘಂಟು ಸಾಕು: ಸಂಸ್ಕೃತದಲ್ಲಿ ಆಕಾರ, ವಿಗ್ರಹ. ಎರಡನೆಯದಕ್ಕೂ ಒಂದು ಅಂಕಿ ಸಿಗಬಹುದು. ಆದರೆ ಎರಡೂ ಸೇರಿ, ಮೂರ್ತಿ ಎಂಬೊಂದು ಮನೆತನವಿತ್ತು, ಅದು ಕವಲೊಡೆದು ಲೋಕಕ್ಕೆಲ್ಲ ಹಬ್ಬಿತು ಎಂಬ ಭ್ರಮೆ ಹುಟ್ಟಿಸುತ್ತವೆ.

ಹಳೇ ಮೈಸೂರಿನ ಕ್ರಮದಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಗೆ ತನ್ನ ಹೆಸರು. ಅಲ್ಲಿ 'ಮೂರ್ತಿ' ದೇವರ ಹೆಸರಿನ ಬಾಲ ಅಷ್ಟೆ. ಅಪ್ಪ ನರಸಿಂಹಮೂರ್ತಿಯಾದರೆ ಮಗ ಶ್ರೀಕಂಠಯ್ಯ ಆಗಬಹುದಿತ್ತು. ಹೊರದೇಶದ ಅರ್ಜಿ 'ಕೊನೆಯ ಹೆಸರು' ಕೇಳಿದಾಗ ಈ ಬಾಲವೇ ಕುಲದ ಹೆಸರಾಯಿತು.

ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ 1977ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ತಂದೆ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಲಕ್ಷ್ಮೀನರಸಿಂಹಮೂರ್ತಿ. ಮಗನ ಪೂರ್ಣ ಹೆಸರು ವಿವೇಕ್ ಹಲ್ಲೆಗೆರೆ ಮೂರ್ತಿ. ಮೊದಲು ಬರಬೇಕಿದ್ದ ಊರು ನಡುವೆ ಸಿಕ್ಕಿಕೊಂಡಿದೆ, ತಂದೆಯ ಹೆಸರಿನ ತುದಿ ವಂಶವಾಗಿದೆ. ನಾಗವಾರ ರಾಮರಾವ್ ನಾರಾಯಣಮೂರ್ತಿಯವರ ಮನೆಯಲ್ಲೂ ಹೀಗೇ. ಊರು ಮತ್ತು ತಾತ ಎರಡು ಇನಿಷಿಯಲ್‌ಗಳಲ್ಲಿ ಉಳಿದರು. ತಾಯಿ ಶಿಗ್ಗಾವಿಯ ಸುಧಾ ಕುಲಕರ್ಣಿ, ಆ ಹೆಸರೂ ಮಕ್ಕಳಿಗೆ ದಾಟಲಿಲ್ಲ. ಮಗ ರೋಹನ್ ಹಣ ಕೊಟ್ಟು ಸ್ಥಾಪಿಸಿದ ಹಾರ್ವರ್ಡಿನ ಮೂರ್ತಿ ಗ್ರಂಥಮಾಲೆಯಲ್ಲಿ 2017ರಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯ ಬಂತು. ಒಬ್ಬ ಅಪ್ಪನ ಹೆಸರಿನ ತುಣುಕು ಕನ್ನಡ ಕಾವ್ಯದ ಬೆನ್ನಮೇಲೆ ಕೂತಿದೆ.

ಇನ್ನು ಎಣಿಕೆ. ಇಂಗ್ಲಿಷಿನಲ್ಲಿ ಈ ಹೆಸರಿಗೆ ಮೂರ್ನಾಲ್ಕು ಕಾಗುಣಿತ, ಕನ್ನಡದಲ್ಲಿ ಒಂದೇ. ಕಾಗುಣಿತ ನೋಡಿ ಎಣಿಸಿದರೆ ಒಂದೇ ಹೆಸರಿನವರು ಬೇರೆ ಬೇರೆ ಪಟ್ಟಿಗೆ ಹೋಗುತ್ತಾರೆ, ನಂಟೇ ಇಲ್ಲದ ಕನ್ನಡ, ತೆಲುಗು, ತಮಿಳು ಮನೆಗಳು ಒಂದೇ ಪಟ್ಟಿಗೆ ಬೀಳುತ್ತವೆ. ಜಾತಿಯೂ ತಿಳಿಯದು: ಅನಂತಮೂರ್ತಿ ಮಾಧ್ವ ಬ್ರಾಹ್ಮಣರು, ಚಿದಾನಂದಮೂರ್ತಿ ಲಿಂಗಾಯತರು.

ನಮ್ಮ ಸೇಡಂ, ಚಿತ್ತಾಪುರದ ಕಡೆಯಿಂದ ನೋಡಿದರೆ ಇದನ್ನು ಬರೀ ನಷ್ಟ ಎನ್ನಲು ಮನಸ್ಸು ಬಾರದು. ಇಲ್ಲಿ ಅಡ್ಡಹೆಸರು ಮೊದಲಿನಿಂದಲೂ ಇದೆ, ಅದು ಎಲ್ಲವನ್ನೂ ಹೇಳಿಬಿಡುತ್ತದೆ. ಕುಲಕರ್ಣಿ ಎಂದರೆ ಊರ ಲೆಕ್ಕ ಬರೆದವರು, ವಾಲೀಕಾರ ಎಂದರೆ ಊರ ಚಾಕರಿ ಮಾಡಿದವರು. ಕುಲಕರ್ಣಿಗೆ ಸಮುದ್ರ ದಾಟಿದ ಮೇಲೂ ಹೆಸರು ಭಾರವಾಗುವುದಿಲ್ಲ. ವಾಲೀಕಾರ ಮನೆಯ ಹುಡುಗನಿಗೆ ಮೂರ್ತಿಯಂಥ ಏನೂ ಹೇಳದ ಹೆಸರು ಬಿಡುಗಡೆಯಂತೆ ಕಂಡರೆ ಆಶ್ಚರ್ಯವಿಲ್ಲ. ಚಿತ್ತಾಪುರ ತಾಲ್ಲೂಕಿನ ಕವಿ ಚೆನ್ನಣ್ಣ ವಾಲೀಕಾರರು ಮಾತ್ರ ಆ ಹೆಸರನ್ನು ಬಿಡದೆ ಪುಸ್ತಕದ ಮುಖಪುಟಕ್ಕೆ ತಂದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯರ ನಾಡಿನಲ್ಲಿ ಕಸುಬನ್ನು ಹೆಸರಿನ ಮುಂದಿಡುವುದು ಹೊಸದೇನಲ್ಲ.

ಹೆಸರು ಬಿಡುವವರಿಗೂ ಹೊರುವವರಿಗೂ ಕಾರಣಗಳಿವೆ, ಜನರ ಪಟ್ಟಿಯಲ್ಲಿ ಆ ಕಾರಣ ಕಾಣುವುದಿಲ್ಲ. ಲೋಕದಲ್ಲಿ ಎಷ್ಟು ಮೂರ್ತಿಗಳಿದ್ದಾರೆ ಎಂದು ಎಣಿಸುವ ಮೊದಲು, ಅವರ ಇನಿಷಿಯಲ್ ಬಿಡಿಸಿ ಓದಬೇಕು. ಊರು ಇರುವುದು ಅಲ್ಲಿ.